ನೆಲ ಕೇಳದ ಗಿಡ

ಬಾಗಲಕೋಟೆಯ ಸಾಕುಮೀನಿನ ಅಂಗಡಿಯಲ್ಲಿ ಇವತ್ತು ನೀರುಗಿಡಗಳ ಪಾಚಿವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲಿನ ನಮ್ಮ ಹಳೆಯ ಮನೆ ಕಣ್ಣಮುಂದೆ ಬಂತು. ಅರ್ಧ ಮನೆ ಮಗ್ಗದ್ದು, ಉಳಿದರ್ಧದಲ್ಲಿ ನಾವೆಲ್ಲ. ಅಪ್ಪನ ಮೀನಿನ ಗಾಜಿನ ಪೆಟ್ಟಿಗೆಯಲ್ಲೂ ಅಷ್ಟೇ ಇಕ್ಕಟ್ಟು. ದೊಡ್ಡ ಮೀನುಗಳು ಮರಿಗಳನ್ನು ಅಟ್ಟಾಡಿಸಿ ನುಂಗುತ್ತಿದ್ದವು. ಮರೆಗೆಂದು ಅಪ್ಪ ತಳದಲ್ಲಿ ಗಿಡ ನೆಟ್ಟರೆ ಅದನ್ನೂ ಕಿತ್ತುಹಾಕುತ್ತಿದ್ದವು.

ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ ಒಮ್ಮೆ ಅಪ್ಪನಿಗೆ ಅಂದಳು: “ನೆಲದಾಗ ಜಾಗಾ ಎಲ್ಲೈತೋ? ಈ ಮನ್ಯಾಗ ನಿನ್ನ ತೊಟ್ಟಿಲಾ ಜಂತಿಗೆ ಕಟ್ಟಿದ್ದಿಲ್ಲೇನು? ಮ್ಯಾಲ ತೇಲೋ ಗಿಡಾ ತಾ.”

ಅಪ್ಪ ಕೆರೆಯಿಂದ ತಂದ ಅಂತರಗಂಗೆಯನ್ನು ಅಜ್ಜಿಯೇ ಪಲ್ಲೆಯ ಸೊಪ್ಪು ಸೋಸಿದಂತೆ ಕೊಳೆತ ಎಲೆ ತೆಗೆದು ನೀರಿಗೆ ಬಿಟ್ಟಳು. ಇಳಿಬಿದ್ದ ಬೇರುಗಳ ನಡುವೆ ಮರಿಗಳು ಬದುಕಿಕೊಂಡವು.

“ತಳಕ್ಕ ಯಾವ ಗಿಡಾ ಕೊಡ್ಲಿರಿ?” ಅಂಗಡಿಯವ ಕೇಳಿದ. ನನ್ನ ಗಾಜಿನ ಪೆಟ್ಟಿಗೆಯೂ ಈಗ ಮೀನು, ಮರಿಗಳಿಂದ ಭರ್ತಿ.

“ತಳಕ್ಕ ಬ್ಯಾಡ್ರಿ, ಮ್ಯಾಲ ತೇಲೋದು ಕೊಡ್ರಿ,” ಅಂದೆ. “ತೊಟ್ಟಿಲಾ ಕಟ್ಟಬೇಕಾಗೇತಿ.”