ಉಸಿರು ಬಿಡೇ ಆಯಿ

ಮೊನ್ನೆ ಬಾಳೆಗುಳಿಯ ಮೆಡಿಕಲ್ ಅಂಗಡಿಯಲ್ಲಿ ಯಾರೋ ಬಿಪಿ ಮಷಿನ್ ನೋಡುತ್ತಿದ್ದರು. ತೋಳಿಗೆ ಸುತ್ತುವ ಪಟ್ಟಿಯನ್ನು ಪರ್ರನೆ ಬಿಚ್ಚಿದ್ದೇ ತಡ, ಕೆಮ್ಮಿನ ಔಷಧಿಗೆ ಹೋದ ನಾನು ನಿಂತಲ್ಲೇ ನಗತೊಡಗಿದೆ. ಅಂಗಡಿಯವನು ಒಂಥರಾ ನೋಡಿದ. ನೋಡಲಿ ಬಿಡಿ. ನನಗೆ ನಮ್ಮೂರು ಚಿತ್ತಾಕುಲದ ನರ್ಸಬಾಯಿ ನೆನಪಾಗಿದ್ದರು...

ನಮ್ಮ ಅವ್ವಿ, ಅಂದರೆ ನನ್ನ ತಾಯಿ, ಕಾಳಿ ನದಿಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿ ನಮ್ಮನ್ನು ಸಾಕಿದವಳು. ನನಗೆ ಮಗಳು ಹುಟ್ಟುವ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು ಮಂಜು. ಕೂಸಿನ ಮುಖವನ್ನು ಬೆರಳಿನಿಂದ ಸವರುತ್ತ, "ಮೂಗು ಯಾರದ್ದೇ?" ಎಂದು ಕೇಳುತ್ತಿದ್ದಳು. ಆಪರೇಷನ್ನಿಗೆಂದು ಕಾರವಾರಕ್ಕೆ ಹೋದಾಗಲೆಲ್ಲ ಬಿಪಿ ಏರಿರುತ್ತಿತ್ತು. ಇಳಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಿದ್ದರು. ಮಾತ್ರೆ ನುಂಗಿದರೂ ಅದೇ ಹಾಡು.

"ಉಪ್ಪುಮೀನೂ ಬಿಟ್ಟೆ. ಇನ್ನು ಜೀವ ಒಂದು ಬಿಡೂದು ಬಾಕಿ," ಎಂದು ಅವ್ವಿ ಸಿಡುಕುತ್ತಿದ್ದಳು.

ಕೊನೆಗೆ ನಮ್ಮೂರಿನ ಆಸ್ಪತ್ರೆಯ ನರ್ಸಬಾಯಿಯ ಹತ್ತಿರ ಹೋದೆವು. ದನಿಯೋ, ಹೊಳೆಯ ಆಚೆ ದಡಕ್ಕೂ ಕೇಳಬೇಕು! ಬಿಪಿ ನೋಡುವ ಮೊದಲು ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿಸಿ, ಮಾತಾಡದೆ ಕೂರಿಸುವುದು ಅವರ ಕ್ರಮ. ನಮ್ಮ ಕಡೆಯ ಹೆಂಗಸರಿಗೆ ಮಾತಾಡದೆ ಕೂರುವುದೆಂದರೆ ಶಿಕ್ಷೆಯೇ. ಅವ್ವಿ ಹೇಗೋ ಕೂತಳು. ಪಟ್ಟಿಗೆ ಗಾಳಿ ತುಂಬತೊಡಗಿದ ನರ್ಸಬಾಯಿ ಅವ್ವಿಯ ಮುಖ ನೋಡಿದವರೇ ಕೈ ನಿಲ್ಲಿಸಿದರು. ಗಲ್ಲ ಉಬ್ಬಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ಆಯಿ, ಉಸಿರು ಎಲ್ಲಿಟ್ಟಿದ್ದೆಯೇ?"

ಅವ್ವಿ ಬುಸ್ಸೆಂದು ಉಸಿರು ಬಿಟ್ಟಳು. "ಹಿಡ್ಕಂಡಿದ್ದೆ ಬಾಯಿ. ಹಿಂಗೆ ಒತ್ತಿದ್ರೆ ನೀರೊಳಗೆ ಹೋದಂಗೇ ಆತದೆ..."

ಅಯ್ಯೋ ದೇವರೇ! ಪಟ್ಟಿ ಬಿಗಿದಾಗಲೆಲ್ಲ ನಮ್ಮವ್ವಿ ಕುರ್ಚಿಯಲ್ಲೇ ಕಾಳಿ ನದಿಗೆ ಮುಳುಗು ಹಾಕುತ್ತಿದ್ದಳು. ನರ್ಸಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಉಸಿರು ಬಿಗಿ ಹಿಡಿದ್ರೆ ಬಿಪಿ ಏರದೆ ಇಳಿತದೇನೆ ಮಾರಾಯ್ತಿ? ಇಲ್ಲಿ ಬಳಚು ಇಲ್ಲ, ಮೇಲೆ ಬಾ!"

ಅಂದಿನಿಂದ ದಿನವೂ ಕರೆಸಿ ಅಭ್ಯಾಸ ಮಾಡಿಸಿದರು. ಬಿಪಿ ಇಳಿದದ್ದನ್ನು ಒಂದೇ ಸಲಕ್ಕೆ ನಂಬದೆ ಮತ್ತೆ ಮತ್ತೆ ನೋಡಿದರು. ಮಾತ್ರೆ ಬಿಟ್ಟರೆ ಜಾಗ್ರತೆ ಎಂದು ಗದರಿದರು. ಕಾರವಾರಕ್ಕೂ ಜೊತೆಗೆ ಬಂದು, ಅಲ್ಲಿ ಪಟ್ಟಿ ಸುತ್ತುವಾಗ ಅವ್ವಿಯ ಕಿವಿಯಲ್ಲಿ, "ಉಸಿರು ಬಿಡೇ ಆಯಿ," ಎಂದರು. ಆಪರೇಷನ್ ಆಯಿತು.

ಬ್ಯಾಂಡೇಜ್ ತೆಗೆದಾಗ ಅವ್ವಿ ಮೊದಲು ನೋಡಿದ್ದು ಕೂಸನ್ನು. "ಮೂಗು ನಂದೇ!" ಎಂದು ಕೂಗಿದಳು. ಆಮೇಲೆ ಬಾಗಿಲಲ್ಲಿ ನಗುತ್ತ ನಿಂತಿದ್ದ ನರ್ಸಬಾಯಿಯನ್ನು ನೋಡಿ, "ಇಷ್ಟೇ ಸಣ್ಣಕಿದ್ಯನೆ ಬಾಯಿ? ದನಿ ಕೇಳಿ ಆನೆ ಅಂದ್ಕಂಡಿದ್ದೆ!" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಅಷ್ಟು ಖುಷಿ ನನಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ನರ್ಸಬಾಯಿ ತೀರಿಕೊಂಡ ಸುದ್ದಿ ಬಂದದ್ದು ಹೋದ ಮಳೆಗಾಲದಲ್ಲಿ. ಅವ್ವಿ ತುಂಬ ಹೊತ್ತು ಅತ್ತಳು, ನಾನೂ ಅತ್ತೆ. ಈಗ ಅವರ ದನಿ ನೆನಪಿದೆ, ಮುಖ ಮಾತ್ರ ನನಗೆ ಮಸುಕಾಗುತ್ತ ಬಂದಿದೆ... ಅವ್ವಿಗೆ ಹಾಗಲ್ಲ. ಕೇಳಿದರೆ ತಡವರಿಸದೆ ಹೇಳುತ್ತಾಳೆ: "ಎಡಗಲ್ಲದಲ್ಲಿ ಒಂದು ಮಚ್ಚೆ. ನಗುವಾಗ ಮುಂದಿನ ಹಲ್ಲಿನ ಸಂದಿ ಕಾಣ್ತಿತ್ತು. ನಾ ಕಣ್ತುಂಬ ನೋಡಿದ್ದೆ ಮಗಾ."