ಬಾಗಿಲು ಜೋತುಬಿದ್ದ ಕಾರಣ

ಆ ಬೀದಿಯಲ್ಲಿ ಎಲ್ಲರಿಗೂ ಅವನು ಬಾಗಿಲು ಮೇಸ್ತ್ರಿ. ಇಪ್ಪತ್ತೆರಡು ವರ್ಷ ಬಸ್ ಡಿಪೋದಲ್ಲಿ ಬಾಗಿಲು ಕೂರಿಸಿ ಕೂರಿಸಿ ಕೈ ಪಳಗಿದ ಮೇಲೆ, ಟೈರಿನಂಗಡಿಯ ಪಕ್ಕದಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ. ಎಂಜಿನ್ ಮಾತ್ರ ಮುಟ್ಟುತ್ತಿರಲಿಲ್ಲ. "ಅದು ಬೇರೆಯವರ ಅನ್ನ, ನಾನ್ಯಾಕೆ ಕೈ ಹಾಕ್ಲಿ?" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬರು ನೀಲಿ ಕಾರು ತಂದು ನಿಲ್ಲಿಸಿದರು. ಮುಂದಿನ ಬಾಗಿಲೊಂದನ್ನು ನೈಲಾನ್ ಹಗ್ಗದಿಂದ ಸೀಟಿಗೆ ಕಟ್ಟಿತ್ತು. ಆ ಸೀಟಿನಲ್ಲಿ ಅವರ ಅತ್ತೆ, ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

"ಮೂರು ಕಡೆ ತೋರಿಸಿದ್ದಾಯ್ತು ಮೇಸ್ತ್ರಿ. ಹೊಸ ಲಾಕೂ ಹಾಕಿಸಿದೆ. ಎರಡು ವಾರ ನೆಟ್ಟಗಿರುತ್ತೆ, ಆಮೇಲೆ ಅದೇ ರಾಗ. ನನ್ನ ಮಗಳು ಬಾಗಿಲನ್ನ ದಡಾರಂತ ಹಾಕ್ತಾಳೆ, ಅದರಿಂದ್ಲೇ ಹೀಗಾಗಿರೋದು. ನಿನ್ನೆನೂ ಚೆನ್ನಾಗಿ ಬೈದೆ."

ಅತ್ತೆ ಕಿಟಕಿಯಾಚೆ ನೋಡತೊಡಗಿದರು. ಟೀಚರ್‌ಗೆ ಕ್ಲಾಸಿಗೆ ಹೊತ್ತಾಗುತ್ತಿತ್ತು. "ನೀನು ಹೋಗಮ್ಮ, ನಾನು ಕಾರಲ್ಲೇ ಕೂತಿರ್ತೀನಿ" ಎಂದರು ಅತ್ತೆ. ಸೊಸೆ ಬಸ್ಸು ಹಿಡಿದು ಹೋದರು.

ಮೇಸ್ತ್ರಿ ಲಾಕಿನ ಗೋಜಿಗೇ ಹೋಗಲಿಲ್ಲ. ಹಗ್ಗ ಬಿಚ್ಚಿ, ಬಾಗಿಲನ್ನು ಅರ್ಧ ತೆರೆದು, ಅಡಿಗೆ ಕೈ ಕೊಟ್ಟು ಮೇಲೆತ್ತಿದ. ಲೊಡಕ್ ಎಂದು ಬೆರಳಗಲ ಎದ್ದಿತು. ಕೀಲು ಸವೆದು ಇಡೀ ಬಾಗಿಲೇ ಜೋತುಬಿದ್ದಿತ್ತು. ಲಾಕು ಕಾರಿನ ಚೌಕಟ್ಟಿನ ಕಂಬದಲ್ಲಿರುವ ಕೊಂಡಿಗೆ ಸಿಕ್ಕದೆ ಅದರ ಕೆಳಗೆ ಬಡಿಯುತ್ತಿತ್ತು. ಮೊದಲು ನೋಡಿದವರು ಕೊಂಡಿಯನ್ನು ಕೆಳಗಿಳಿಸಿ ಕೈತೊಳೆದುಕೊಂಡಿದ್ದರು, ಬಾಗಿಲು ಇನ್ನೂ ಕೆಳಗೆ ಬಂದಿತ್ತು. ಬಾಗಿಲಿನ ಮೇಲಂಚಿನಲ್ಲಿ ಒಂದು ಅಂಗೈಯಷ್ಟು ಜಾಗದ ಹೊಳಪೇ ಹೋಗಿತ್ತು.

"ಅಮ್ಮಾ, ಸ್ವಲ್ಪ ಇಳೀತೀರಾ?"

"ಇಳೀಲೇಬೇಕಾ?"

ಅವರು ಒಂದು ಕಾಲು ಹೊರಗಿಟ್ಟು, ಎರಡೂ ಕೈಗಳನ್ನು ಬಾಗಿಲಿನ ಮೇಲೂರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಎದ್ದರು. ಬಾಗಿಲು ಕಿರ್ರೆಂದಿತು. ಅಂಗೈ ಊರಿದ್ದು ಆ ಹೊಳಪು ಹೋದ ಜಾಗದಲ್ಲೇ.

"ದಡಾರಂತ ಹಾಕಿದ್ರೆ ಬಾಗಿಲು ಹೀಗೆ ಜೋತುಬೀಳಲ್ಲಮ್ಮ" ಎಂದ ಮೇಸ್ತ್ರಿ ಮೆಲ್ಲಗೆ.

ಅತ್ತೆ ಶೆಡ್ಡಿನಲ್ಲಿದ್ದ ಕುರ್ಚಿಯಲ್ಲಿ ಕುಕ್ಕರಿಸಿದರು. "ಸವೆದಿರೋದು ನನ್ನ ಮಂಡಿ ಕೀಲಪ್ಪ. ಹಿಡ್ಕೊಳ್ಳದೆ ಏಳೋಕಾಗಲ್ಲ. ಶನಿವಾರ ಬಂದ್ರೆ ಟೆಲಿಫೋನ್ ಆಫೀಸಿನ ಹಳೇ ಗೆಳತಿಯರ ಜೊತೆ ಇಸ್ಪೀಟಾಡೋಕೆ ಹೋಗ್ತೀನಿ. ಅದೊಂದೇ ನಂಗೆ ಉಳಿದಿರೋದು. ಗೊತ್ತಾದ್ರೆ ಅದನ್ನೂ ನಿಲ್ಲಿಸ್ತಾರೆ. ಸೊಸೆಗೆ ಹೇಳ್ಬೇಡ."

ಮೇಸ್ತ್ರಿಗೆ ತನ್ನ ತಾಯಿಯ ನೆನಪಾಯಿತು. ಒಂದು ದಿನ ಆಕೆ "ನಂಗೆ ಹೊರಗೆ ಬರೋಕೇ ಬೇಜಾರು, ನೀವು ಹೋಗ್ಬನ್ನಿ" ಎಂದಿದ್ದಳು. ಅವನು ನಂಬಿದ್ದ. ನಾಲ್ಕು ವರ್ಷ ಆಕೆ ಹೊಸ್ತಿಲು ದಾಟಲಿಲ್ಲ. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಬೇಜಾರೆಂಬ ಮಾತನ್ನು ನಂಬಿದ್ದರಿಂದ ತನಗೇ ಹಗುರವಾಗಿತ್ತಲ್ಲ ಎಂಬುದು ಅವನನ್ನು ಇವತ್ತಿಗೂ ಕೊರೆಯುತ್ತಿತ್ತು.

"ಬಾಗಿಲಿನ ವಿಷಯ ನಾನು ಹೇಳ್ತೀನಿ, ಮಂಡಿ ವಿಷಯ ನಿಮ್ದು" ಎಂದ. "ಆದ್ರೆ ಮಗು ಸುಮ್ಸುಮ್ನೆ ಬೈಸ್ಕೊಳ್ತಾ ಇದೆಯಲ್ಲಮ್ಮ?"

ಅತ್ತೆ ಮಂಡಿ ಸವರಿಕೊಳ್ಳತೊಡಗಿದರು.

ಅವನು ಜಾಕಿನ ಮೇಲೊಂದು ಮರದ ಹಲಗೆಯಿಟ್ಟು ಬಾಗಿಲಿಗೆ ಆನಿಕೆ ಕೊಟ್ಟ. ಕೀಲಿನ ಹಳೆಯ ಪಿನ್ನು ಕಳಚಿ ಹೊಸದನ್ನು ಹೊಡೆದ. ಕೊಂಡಿಯನ್ನು ಅದರ ಮೊದಲಿನ ಗುರುತಿಗೇ ಏರಿಸಿದ. ಆಮೇಲೆ ಮೂಲೆಯ ಡಬ್ಬ ತಡಕಾಡಿ, ಹಳೇ ಬಸ್ಸಿನ ದಪ್ಪ ಹಿಡಿಯೊಂದನ್ನು ತೆಗೆದು, ಬಾಗಿಲ ಪಕ್ಕ ಕಾರಿನ ಒಳಕಂಬಕ್ಕೆ ಬಿಗಿದು, ಅತ್ತೆಯನ್ನು ಮತ್ತೆ ಸೀಟಿನಲ್ಲಿ ಕೂರಿಸಿದ.

"ಮೊದ್ಲು ಎರಡೂ ಕಾಲು ಹೊರಗಿಡಿ. ಒಂದು ಕೈ ಈ ಹಿಡಿ ಮೇಲೆ, ಇನ್ನೊಂದು ಸೀಟಿನ ಮೇಲೆ. ಬಾಗಿಲು ಮುಟ್ಟಂಗಿಲ್ಲ."

ನಾಲ್ಕು ಸಲ ಆಗಲಿಲ್ಲ. "ನೀನೇನು ನನಗೆ ಕವಾಯತು ಮಾಡಿಸ್ತಿದ್ಯಾ?" ಎಂದು ರೇಗಿದರು. ಐದನೇ ಸಲ ಎದ್ದು ನಿಂತರು.

ಸಂಜೆ ಟೀಚರ್ ಬಂದು ಬಾಗಿಲನ್ನು ತಳ್ಳಿದರು, ಮೆತ್ತಗೆ ಕೂತಿತು. ಕೀಲು ಸವೆದಿತ್ತೆಂದು ಮೇಸ್ತ್ರಿ ವಿವರಿಸಿದ. "ಮತ್ತೆ ಈ ಹಿಡಿ ಯಾಕೆ?" ಎಂದು ಅವರು ಕೇಳಿದಾಗ ಸ್ಪ್ಯಾನರ್ ಎತ್ತಿಡುವ ನೆಪದಲ್ಲಿ ಅತ್ತ ತಿರುಗಿಕೊಂಡ.

"ನನಗೆ ಕಣೆ" ಎಂದರು ಅತ್ತೆ. "ಬಾಗಿಲು ಕೆಡಿಸಿದ್ದು ನಾನು. ಅದರ ಮೇಲೆ ಭಾರ ಹಾಕದೆ ಏಳೋಕಾಗ್ತಿರಲಿಲ್ಲ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ಶನಿವಾರ ಕರ್ಕೊಂಡು ಹೋಗ್ತಿದ್ಯಾ?"

ಟೀಚರ್‌ಗೆ ಹೌದು ಎನ್ನಲು ನಾಲಗೆ ಏಳಲಿಲ್ಲ. ಕೊನೆಗೆ ಫೋನ್ ತೆಗೆದು, ಮಗಳ ನಂಬರು ಒತ್ತಿ ಅತ್ತೆಯ ಕೈಗೆ ಕೊಟ್ಟರು.

"ಪುಟ್ಟಿ, ಬಾಗಿಲು ಹಾಳಾಗಿದ್ದು ನಿನ್ನಿಂದಲ್ಲ ಕಣೆ, ನನ್ನಿಂದ. ಗೊತ್ತಿದ್ದೂ ಸುಮ್ನಿದ್ದೆ."

ಆ ಕಡೆಯಿಂದ ಜೋರು ದನಿ ಶೆಡ್ಡಿಗೆಲ್ಲ ಕೇಳಿಸಿತು: "ಹಾಗಾದ್ರೆ ಅಮ್ಮ ಬೈದಿದ್ದೆಲ್ಲಾ ವಾಪಸ್ ತಗೋಬೇಕು, ಒಂದೊಂದಾಗಿ!"

ಟೀಚರ್ ನಕ್ಕರು, ಜೊತೆಗೇ ಕಣ್ಣೊರೆಸಿಕೊಂಡರು. ಅತ್ತೆ ಸೀಟಿನಲ್ಲಿ ಕೂತು ಒಂದೊಂದೇ ಕಾಲು ಒಳಗೆಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಸೊಸೆ ಕಾದರು.

ತಿಂಗಳಾದ ಮೇಲೆ ಟೀಚರ್ ಶೆಡ್ಡಿಗೆ ಫೋನ್ ಮಾಡಿದರು. ಡಾಕ್ಟರು ಮಂಡಿಗೆ ಆಪರೇಷನ್ ಆಗಬೇಕೆಂದಿದ್ದಾರಂತೆ, ಅತ್ತೆ ಹೆದರಿ ಮುಂದೂಡುತ್ತಿದ್ದಾರಂತೆ. ಶನಿವಾರ ಮಾತ್ರ ಒಂದೂ ತಪ್ಪಿಲ್ಲವಂತೆ.

"ತಪ್ಪಿಸ್ಬೇಡಿ" ಎಂದಷ್ಟೇ ಹೇಳಿ ಮೇಸ್ತ್ರಿ ಫೋನಿಟ್ಟ.