ಪಾದ್ರಿಗಳ ಪರೀಕ್ಷೆಗೆ ಮಲಗಿದ ನಮ್ಮತ್ತೆ

ನಮ್ಮತ್ತೆ ಇಪ್ಪತ್ತೆಂಟು ವರ್ಷ ಅಂಗಿ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ನಿಂತವಳು. ಹೊಲಿದು ಬಂದ ಅಂಗಿಯನ್ನು ದೀಪಕ್ಕೆ ಹಿಡಿದು, ಕಾಲರು ತಿರುವಿ, ಗುಂಡಿ ಎಳೆದು ನೋಡಿ, ಒಂದು ಎಳೆ ಸಡಿಲವಿದ್ದರೂ ಪಕ್ಕದ ಬುಟ್ಟಿಗೆ ಎಸೆಯುವುದೇ ಅವಳ ಕೆಲಸ. ಮದುವೆಗೆ ಮುಂಚೆ ನನ್ನನ್ನೂ ಹಾಗೇ ನೋಡಿದಳು. "ಎತ್ತರ ಕಮ್ಮಿ, ಬಾಯಿ ಜಾಸ್ತಿ. ಇರ್ಲಿ ಬಿಡಿ, ನನ್ ಮಗನೇನು ದೊಡ್ಡ ಅಂದಗಾರನಲ್ಲ" ಅಂದಳು, ಅದೂ ನಮ್ಮಪ್ಪನ ಎದುರಿಗೇ. ಹತ್ತೊಂಬತ್ತು ವರ್ಷವಾದರೂ ಆ ಮಾತು ನನಗೆ ಜೀರ್ಣವಾಗಿಲ್ಲ.

ಅಂಥವಳು ಸೊಂಟ ಮುರಿದುಕೊಂಡು ಮಲಗಿ ನಾಲ್ಕು ವರ್ಷವಾಯಿತು. ಕೋಣೆ ಮನೆಯ ಹಿಂದುಗಡೆಯದು, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಮೊದಮೊದಲು ಚರ್ಚಿನ ಹೆಂಗಸರು ಹಣ್ಣು ಹಿಡಿದುಕೊಂಡು ಬಂದು, ಲೊಚಗುಟ್ಟಿ ಹೋಗುತ್ತಿದ್ದರು. ಆಮೇಲೆ ಅವರೂ ಇಲ್ಲ. ನನ್ನ ಗಂಡ ಲಾರಿ ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಎತ್ತುವುದು, ಒರೆಸುವುದು, ಹೊರಳಿಸುವುದು, ಎಲ್ಲ ನನ್ನ ಕೊರಳಿಗೇ ಬಿತ್ತು. ಮುಚ್ಚುಮರೆ ಯಾಕೆ, ಹೇಳಿಯೇ ಬಿಡುತ್ತೇನೆ: ನಾನು ಅವಳಿಗೆ ನೀರು ಕಡಿಮೆ ಕೊಡುತ್ತಿದ್ದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನೀರು ಕಡಿಮೆಯಾದರೆ ಒದ್ದೆ ಬಟ್ಟೆ ಬದಲಿಸುವುದೂ ಕಡಿಮೆ. ಚೊಂಬನ್ನು ಅವಳ ಕೈಗೆಟುಕದ ಕಡೆ ಇಡುತ್ತಿದ್ದೆ.

ಹಳೇ ಪಾದ್ರಿಗೆ ವಯಸ್ಸಾಗಿ ಅವರು ಬಿಟ್ಟು ಹೋದ ಮೇಲೆ, ಹೊಸಬರನ್ನು ಹುಡುಕುವುದಕ್ಕೆ ಮೂರು ಜನರ ಸಮಿತಿಯಾಯಿತು. ಅದರ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಇಡೀ ಜಗತ್ತಿಗೇ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವ ಮನುಷ್ಯ. ಬಂದ ಅಭ್ಯರ್ಥಿ ಭಾನುವಾರ ಬೆಳಿಗ್ಗೆ ಪ್ರಸಂಗ ಮಾಡಬೇಕು, ಮಧ್ಯಾಹ್ನ ಒಬ್ಬ ರೋಗಿಯ ಹಾಸಿಗೆ ಪಕ್ಕ ನಿಂತು ಪ್ರಾರ್ಥನೆ ಮಾಡಿ ತೋರಿಸಬೇಕು ಅಂತ ಅವರು ನಿಯಮ ಮಾಡಿದರು. ರೋಗಿಯನ್ನು ಎಲ್ಲಿಂದ ತರುವುದು? ಚರ್ಚಿನ ಹಿಂದಿನ ಬೀದಿಯಲ್ಲೇ ನಮ್ಮತ್ತೆ ಇದ್ದಳಲ್ಲ.

"ನಿಮ್ಗೇನೂ ತೊಂದ್ರೆ ಇಲ್ವಲ್ಲಮ್ಮಾ?" ಅಂತ ನನ್ನನ್ನು ಕೇಳಿದರು. ಅವಳನ್ನು ಯಾರೂ ಕೇಳಲಿಲ್ಲ.

ಅವಳಿಗೋ ಹೋದ ಜೀವ ಬಂದಂತಾಯಿತು. ಸಮಿತಿಯ ಮೂವರೂ ಕಾಲುಗಡೆ ಸಾಲಾಗಿ ನಿಂತು ಬರೆದುಕೊಳ್ಳುತ್ತಿದ್ದರು. ಪಾದ್ರಿ ಹೊರಗೆ ಹೋದ ಮೇಲೆ ಕಾರ್ಯದರ್ಶಿ ಅವಳನ್ನು ಕೇಳುತ್ತಿದ್ದರು, "ಹೇಗನ್ನಿಸ್ತಮ್ಮಾ?"

ಮೊದಲನೆಯವನಿಗೆ ಅವಳು, "ವಾಸನೆ ಅಂತ ಮೂಗಲ್ಲಿ ಉಸಿರೇ ಎಳ್ಕೊಳ್ಲಿಲ್ಲ. ವಾಪಸ್!" ಅಂದಳು. ಎರಡನೆಯವನಿಗೆ, "ಕಣ್ಣು ಮುಚ್ಚಿತ್ತು, ಕೈ ಮಾತ್ರ ಗಡಿಯಾರ ತಡಕ್ತಿತ್ತು. ವಾಪಸ್!" ಮೂರನೆಯವನದು ಗುಡುಗಿನ ದನಿ, ಗೋಡೆ ಅದುರುವಂತೆ ಪ್ರಾರ್ಥಿಸಿದ. "ನಾನಿನ್ನೂ ಸತ್ತಿಲ್ಲ ಅಂತ ಅವನಿಗೆ ಯಾರಾದ್ರೂ ಹೇಳ್ರಪ್ಪಾ" ಅಂದಳು. ಕಾರ್ಯದರ್ಶಿ ನಕ್ಕರು, ಆದರೆ ಆ ದನಿಗೆ ಒಂಬತ್ತು ಅಂಕ ಹಾಕಿದರು.

"ಎಲ್ಲಾರ್ನೂ ವಾಪಸ್ ಕಳಿಸ್ತೀರಲ್ಲ ಅತ್ತೆ" ಅಂದೆ ನಾನು.

"ಪಾದ್ರಿ ಸಿಕ್ಬಿಟ್ರೆ ಆಮೇಲೆ ಈ ಬಾಗಿಲಿಗೆ ಯಾರೇ ಬರ್ತಾರೆ?" ಅಂದಳು ಮುದುಕಿ. ಬುದ್ಧಿ ಅಷ್ಟು ಚುರುಕಾಗಿತ್ತು.

ನಾಲ್ಕನೆಯವನು ಸಣಕಲ. ಬೆಳಿಗ್ಗೆಯ ಪ್ರಸಂಗದಲ್ಲಿ ಎರಡು ಸಲ ತಡವರಿಸಿದ್ದ. ಕೋಣೆಗೆ ಬಂದವನೇ ಸಮಿತಿಯವರ ಕಡೆ ತಿರುಗಿ, "ಸ್ವಲ್ಪ ಹೊರಗಿರ್ತೀರಾ?" ಅಂತ ಕೇಳಿ ಬಾಗಿಲು ಹಾಕಿಕೊಂಡ. ಕಾರ್ಯದರ್ಶಿ ಪೆನ್ನು ಹಿಡಿದು ನಿಂತೇ ಇದ್ದರು. "ಕಾಣ್ಸಲ್ಲ, ಕೇಳ್ಸಲ್ಲ. ಇದಕ್ಕೆ ಎಷ್ಟು ಅಂತ ಕೊಡೋದು?" ಅಂತ ಗೊಣಗಿದರು. ಅರ್ಧ ಗಂಟೆ ಹೋಯಿತು. ಒಳಗಿನಿಂದ ಅತ್ತೆ ನಗುವುದು ಕೇಳಿಸಿತು. ಆ ನಗು ಮರೆತೇಹೋಗಿತ್ತು ನನಗೆ.

ಆಮೇಲೆ ಅವನು ಖಾಲಿ ಚೊಂಬು ಹಿಡಿದು ಅಡುಗೆಮನೆಗೆ ಬಂದ. "ನಾಲ್ಕು ಲೋಟ ಕುಡಿದ್ರು. ಇನ್ನೂ ಬೇಕಂತೆ" ಅಂದ. ಅವನು ದನಿ ತಗ್ಗಿಸಿದ. "ಬೆನ್ನಿನ ಹುಣ್ಣೂ ನೋಡ್ದೆ. ನೀವೊಬ್ರೇ ಎಷ್ಟು ಅಂತ ಮಾಡ್ತೀರಿ, ಪಾಪ. ನನ್ನನ್ನ ಇಲ್ಲಿಗೆ ಆರಿಸಿದ್ರೆ ವಾರಕ್ಕೆರಡು ಸಲ ನರ್ಸ್ ಕರ್ಕೊಂಡು ನಾನೇ ಬರ್ತೀನಿ."

ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅನ್ನುತ್ತಿದ್ದೆ. ಅವನು ಬೈಯಲಿಲ್ಲ. ಎಲ್ಲ ಗೊತ್ತಿದ್ದೂ ಪಾಪ ಅಂದನಲ್ಲ, ಅದಕ್ಕೇ ಮೈಯೆಲ್ಲ ಉರಿದುಹೋಯಿತು. ನರ್ಸ್ ಬಂದು ಆ ಬೆನ್ನು ನೋಡಿದರೆ ಸಂಜೆಯೊಳಗೆ ಇಡೀ ಬೀದಿಯ ಬಾಯಲ್ಲಿ ನಾನೇ ಇರುತ್ತಿದ್ದೆ.

ಬುಧವಾರ ಸಮಿತಿಯವರು ಮತ್ತೆ ಬಂದರು. ಕಾರ್ಯದರ್ಶಿ ಗುಡುಗಿನವನ ಕಡೆ, ಶಾಲೆ ಟೀಚರಮ್ಮ ಸಣಕಲನ ಕಡೆ, ಔಷಧಿ ಅಂಗಡಿಯವರು ಎರಡೂ ಕಡೆ. ಕೊನೆಗೆ, ರೋಗಿ ಯಾರನ್ನು ಹೇಳಿದರೆ ಅವರೇ ಅಂತ ಒಪ್ಪಿಕೊಂಡಿದ್ದರು.

"ಆ ಸಣಕಲನೇ. ಕಣ್ಮುಚ್ಕೊಂಡು ಪಾಸ್ ಮಾಡಿದೀನಿ, ಕರೆಸಿ ಅವನನ್ನ" ಅಂದಳು ಅತ್ತೆ. ಅವಳ ಕೆನ್ನೆ ಕೆಂಪಗಾಗಿತ್ತು.

ಕಾರ್ಯದರ್ಶಿ ನನ್ನನ್ನು ಬಾಗಿಲಾಚೆ ಕರೆದರು. "ಅಮ್ಮನ ಬುದ್ಧಿ ಸ್ಥಿಮಿತದಲ್ಲಿದೆ ತಾನೇ?"

ಹೂಂ ಅಂದಿದ್ದರೆ ಮುಗಿದಿತ್ತು. ನಾನು ಕಣ್ಣೊರೆಸಿಕೊಂಡೆ. ಕಣ್ಣಲ್ಲಿ ಏನೂ ಇರಲಿಲ್ಲ. "ಎಲ್ಲಿಯ ಬುದ್ಧಿ ಸಾರ್? ಈಚೆಗೆ ಇವತ್ತು ಯಾವ ವಾರ ಅನ್ನೋದೂ ಗೊತ್ತಾಗಲ್ಲ ಅವ್ರಿಗೆ" ಅಂದೆ.

ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಡುತ್ತಾರೆಯೇ? ಒಳಗೆ ಹೋಗಿ ಕೇಳಿದರು, "ಅಜ್ಜೀ, ಇವತ್ತು ಯಾವ ವಾರ?"

ಬಿಸಿಲು ಕಾಣದ ಆ ಕೋಣೆಯಲ್ಲಿ ಅವಳಿಗೆ ಇದ್ದದ್ದು ಒಂದೇ ಲೆಕ್ಕ, ಅದು ನನಗೆ ಚೆನ್ನಾಗಿ ಗೊತ್ತಿತ್ತು. "ಇದೇನ್ ಕೇಳ್ತೀರಿ? ಭಾನುವಾರ!" ಅಂದಳು, ನಗುತ್ತಾ. "ನೀವೆಲ್ಲ ಬಂದಿದೀರಲ್ಲ!"

ಟೀಚರಮ್ಮ ತಲೆ ತಗ್ಗಿಸಿದರು. ಕಾರ್ಯದರ್ಶಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಗುಡುಗಿನ ದನಿಯವರು ಪಾದ್ರಿಯಾಗಿ ಬಂದು ಮೂರು ತಿಂಗಳಾಯಿತು. ನಮ್ಮ ಮನೆ ಕಡೆ ಒಮ್ಮೆಯೂ ತಲೆ ಹಾಕಿಲ್ಲ. ತನ್ನ ಹುಡುಗನೇ ಆರಿಸಿ ಬಂದಿದ್ದಾನೆ ಅಂತ ಅತ್ತೆ ತಿಳಿದಿದ್ದಾಳೆ. ನಾನು ಬಿಡಿಸಿ ಹೇಳಿಲ್ಲ.

"ಇವತ್ತಾದ್ರೂ ಬರ್ತಾನೇನೇ?" ಅಂತ ದಿನಾ ಕೇಳುತ್ತಾಳೆ.

"ಇವತ್ತು ಭಾನುವಾರ ಅಲ್ಲ ಅತ್ತೆ" ಅನ್ನುತ್ತೇನೆ. ದಿನಾ ಅದನ್ನೇ ಅನ್ನುತ್ತೇನೆ. ಅವಳು ನಂಬುತ್ತಾಳೆ.